ಎದುರು ನಿಂತು ಕಲಿಸಿದ ಸ್ಟೆಪ್

ಎಲ್ಲರೂ ಬಲಕ್ಕೆ ತಿರುಗಿದರು. ಅವನೊಬ್ಬ ಎಡಕ್ಕೆ!

ಪಕ್ಕದವನ ಮೂಗಿಗೆ ಮೊಣಕೈ ಬಡಿಯಿತು. ಮ್ಯೂಸಿಕ್ ನಿಂತಿತು.

"ನೀನು ಹೊರಡಪ್ಪ," ಅಂದರು ಆಡಿಷನ್ ನಡೆಸುತ್ತಿದ್ದ ಕೊರಿಯೋಗ್ರಾಫರ್. "ಎಡ ಬಲ ಗೊತ್ತಿಲ್ದೋರನ್ನ ಸ್ಟೇಜಿಗೆ ಹತ್ತಿಸಿ ನಾನೇನ್ ಮಾಡ್ಲಿ?"

ಅವನು ತಲೆ ತಗ್ಗಿಸಿ ಹೊರನಡೆದ. ಗೋಡೆಗೊರಗಿ ನಿಂತಿದ್ದ ಅವಳು ಅವನ ಹಿಂದೆಯೇ ಧಾವಿಸಿದಳು. ತಪ್ಪು ಅವನದಲ್ಲ... ಕಲಿಸಿದ ಅವಳದು!

ಸಿನಿಮಾ ಹಾಡು, ಜಾಹೀರಾತು, ಸ್ಟೇಜ್ ಶೋಗಳಿಗೆ ಡ್ಯಾನ್ಸರ್‌ಗಳನ್ನು ತಯಾರು ಮಾಡುವ ಸ್ಟುಡಿಯೋದಲ್ಲಿ ಅವಳು ಟೀಚರ್. ತರಗತಿಯಲ್ಲಿ ಎಲ್ಲರಿಗೂ ಬೆನ್ನು ಮಾಡಿ, ಕನ್ನಡಿ ನೋಡಿಕೊಂಡೇ ಕಲಿಸಬೇಕು. ಆಗ ಅವಳ ಬಲವೇ ಅವರ ಬಲ. ಈ ಆಡಿಷನ್ ಡ್ಯಾನ್ಸನ್ನು ಅವನೊಬ್ಬನಿಗೆ ಬೇರೆಯಾಗಿ ಕಲಿಸುವಾಗ ಮಾತ್ರ ಎದುರಿಗೆ ನಿಂತಿದ್ದಳು. ಹಾಗೆ ನಿಂತರೆ ತಾನು ಉಲ್ಟಾ ಮಾಡಿ ತೋರಿಸಬೇಕು ಅನ್ನುವುದನ್ನೇ ಮರೆತಿದ್ದಳು. ಅವಳು ಬಲಗೈ ಎತ್ತಿದರೆ ಅವನು ಎಡಗೈ ಎತ್ತಿದ. ಇಡೀ ಡ್ಯಾನ್ಸೇ ತಿರುಗುಮುರುಗು!

ಅಯ್ಯೋ ಹುಡುಗಿ, ವರ್ಷಗಟ್ಟಲೆ ಕಲಿಸಿದವಳಿಗೆ ಇಷ್ಟೂ ಗಮನವಿಲ್ಲವೇ?

ಅವನು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದ.

"ಸಾರಿ ಮೇಡಂ, ನಿಮ್ಮ ಮಾನ ಕಳೆದೆ. ಇದೊಂದು ಆಗ್ಲಿಲ್ಲ ಅಂದ್ರೆ ಭಾವನ ಪೇಂಟ್ ಅಂಗಡಿಗೆ ಸೇರ್ಕೋತೀನಿ ಅಂತ ಅಕ್ಕಂಗೆ ಮಾತು ಕೊಟ್ಟಿದ್ದೆ. ನನ್ನ ತಲೆಗೆ ಡ್ಯಾನ್ಸ್ ಹತ್ತಲ್ಲ ಬಿಡಿ."

ಈಗ ಸುಮ್ಮನಿದ್ದರೆ ಸಾಕು, ಅವಳ ಹೆಸರು ಉಳಿಯುತ್ತದೆ. ಅವನು ಮಾತ್ರ ಬದುಕಿಡೀ ತನ್ನನ್ನೇ ಬೈದುಕೊಳ್ಳುತ್ತಾನೆ... 'ಥೂ, ಅಂಥ ಹೆಸರು ಕಟ್ಕೊಂಡು ಏನ್ ಮಾಡ್ಲಿ!'

ಅವನ ಕೈ ಹಿಡಿದು ಒಳಗೆ ಎಳೆದುಕೊಂಡೇ ಹೋದಳು.

"ಸರ್, ಇವನಿಗೆ ಎಡ ಬಲ ಚೆನ್ನಾಗೇ ಗೊತ್ತು. ನಾನೇ ಉಲ್ಟಾ ಕಲಿಸ್ದೆ!"

ಸ್ಟುಡಿಯೋ ಮಾಲೀಕರು ಹಣೆ ಚಚ್ಚಿಕೊಂಡರು. ಕೊರಿಯೋಗ್ರಾಫರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಊಟ ಆದ್ಮೇಲೆ ಕೊನೇ ಬ್ಯಾಚ್. ಅಷ್ಟರೊಳಗೆ ಸರಿಮಾಡು. ಮತ್ತೆ ತಪ್ಪಿದ್ರೆ ಇಬ್ಬರ ಮುಖಾನೂ ನಂಗೆ ಬೇಡ."

ಕಾರಿಡಾರಿಗೆ ಬಂದದ್ದೇ ಅವನು ಸಿಡಿದ.

"ನನ್ನ ಜೀವನ ಮೇಡಂ ಇದು! ನನಗೊಬ್ಬನಿಗೆ ಯಾಕೆ ಎದುರು ನಿಂತ್ರಿ?"

ಅವಳು ನೆಲ ನೋಡುತ್ತಾ ಅಂದಳು.

"ಕನ್ನಡೀಲಿ ನಿನ್ನ ನೋಡಿದ್ರೆ... ನಂಗೆ ಸಾಕಾಗ್ತಿರ್ಲಿಲ್ಲ. ನನ್ನ ಆಸೆಗೆ ನಿನ್ನ ಬಲಿ ಕೊಟ್ಟೆ. ಪಾಪಿ ನಾನು!"

ಅವನು ಬಗ್ಗಿ ಶೂ ಕಟ್ಟಿಕೊಂಡ. ಆಮೇಲೆ ಮೆಲ್ಲಗೆ ಅಂದ, "ಮೊದಲು ಸರಿಯಾಗಿ ಕಲಿಸಿ."

ಖಾಲಿ ತರಗತಿಯಲ್ಲಿ ಅವಳು ಬೆನ್ನು ಮಾಡಿ ನಿಂತು ಕಲಿಸಿದಳು. ತಲೆಯೆತ್ತಿ ಕನ್ನಡಿ ನೋಡಲೂ ಮುಖವಿರಲಿಲ್ಲ.

ಕೊನೆಯ ಬ್ಯಾಚಿನಲ್ಲಿ ಎಲ್ಲರೂ ಬಲಕ್ಕೆ ತಿರುಗಿದರು. ಅವನೂ!

"ನೀನು ಉಳ್ಕೋ," ಅಂದರು ಕೊರಿಯೋಗ್ರಾಫರ್.

ಅವನು ಹೊರಗೆ ಬಂದಾಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಸೆಲೆಕ್ಟ್ ಆದೆ ಅಂತ ಬಿಟ್ಬಿಡ್ತೀನಿ ಅನ್ಕೋಬೇಡ," ಅಂದ ಅವನು. 'ಮೇಡಂ' ಅನ್ನುವ ಮಾತು ಎಲ್ಲಿಗೋ ಹೋಗಿತ್ತು. "ಬೈತೀನಿ."

"ಬೈಯಿ."

"ದಿನಾ ಬೈತೀನಿ. ಮುದುಕ ಆದ್ಮೇಲೂ ಬೈತೀನಿ."

ಅವಳು ಥಟ್ಟನೆ ಕಣ್ಣೆತ್ತಿದಳು. "ಅಲ್ಲೀತನಕ... ನನ್ನ ಜೊತೇಲಿರ್ತೀಯಾ?"

"ಮತ್ತೆ? ಇನ್ನೊಬ್ಬರ ಹೆಂಡತೀನ ಬೈಯೋಕಾಗುತ್ತಾ!"