ಗೂಬೆ, ತೋಳ ಬಿಟ್ಟುಹೋದ ಕಳ್ಳ

ಅಕ್ಟೋಬರ್ ಆರು, ಗುರುವಾರ ಬೆಳಗ್ಗೆ ಪೋಲೆಂಡಿನ ಲುಬ್ಲಿನ್ ಹಳೇಪೇಟೆಯ ಠಾಣೆಗೆ ದೂರು ಬಂತು. ಹಿಂದಿನ ಸಂಜೆ ಚರ್ಚಿಗೆ ಹೋಗಿದ್ದಾಗ ಮನೆಯಲ್ಲಿದ್ದ, ಪ್ರಾಣಿಗಳ ಚಿತ್ರವಿರುವ ಸ್ಮರಣಾರ್ಥ ಬೆಳ್ಳಿ ನಾಣ್ಯಗಳು ಕಳುವಾಗಿವೆ ಎಂದರು ನಿವೃತ್ತ ಟ್ರಾಲಿಬಸ್ ಚಾಲಕ ಹಿಪೊಲಿತ್ ಪಾವ್ಲಿಕ್. ಇನ್ಸ್‌ಪೆಕ್ಟರ್ ಬೊಗುಮಿಲಾ ಸೊಬೊಟ್ಕಾ ಎಫ್‌ಐಆರ್ ಬರೆದುಕೊಂಡಳು. ಸಹಿ ಹಾಕುವಾಗ ಮುದುಕರ ಪೆನ್ನು ಕಾಗದ ದಾಟಿ ಮೇಜಿನ ಮೇಲೆ ಗೀಚಿತು.

“ಕಣ್ಣು ಕಾಣ್ಸಲ್ವಾ ಯಜಮಾನ್ರೇ?”

“ಸ್ವಲ್ಪ ಕಾಣ್ಸುತ್ತೆ ಮೇಡಂ. ಕ್ರಿಸ್‌ಮಸ್‌ವರೆಗೆ ಅಂದಿದಾರೆ ಡಾಕ್ಟ್ರು. ಅಷ್ಟರೊಳಗೆ ನನ್ನ ಪ್ರಾಣಿಗಳನ್ನೆಲ್ಲ ಕಣ್ಣಲ್ಲಿ ನೋಡ್ತಾ ನೋಡ್ತಾ ಬೆರಳಿಗೆ ಕಲಿಸ್ಬೇಕು. ಆಮೇಲೆ ಬೆರಳೇ ಸಾಕು. ಗೂಬೆ ಆಯ್ತು, ತೋಳ ಆಯ್ತು. ಕಳ್ಳ ಬಿಟ್ಟೋಗಿರೋದೂ ಅವೆರಡನ್ನೇ.”

ಸ್ಥಳದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಗೂಬೆ, ತೋಳ ಊಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿದ್ದವು. ಬೊಗುಮಿಲಾ ಗೂಬೆಯನ್ನು ಲಕೋಟೆಗೆ ಹಾಕಿಕೊಂಡು, ಕಾನ್ಸ್‌ಟೇಬಲ್ ಝೆನೊನ್ ಜೊತೆ ಚೌಕದ ನಾಣ್ಯದಂಗಡಿಗೆ ಹೋದಳು.

“ಜನ ಯಾವ ಚಿತ್ರ ಇಷ್ಟಪಡ್ತಾರೆ?”

“ಪ್ರಾಣಿ ಮೇಡಂ,” ಎಂದಳು ಅಂಗಡಿಯಾಕೆ. “ರಾಜರು, ಬಿಷಪ್ಪರು, ಸೇತುವೆಗಳು ಧೂಳು ತಿಂತಾ ಬಿದ್ದಿರ್ತವೆ. ಗೂಬೆಗಂತೂ ಕಿತ್ತಾಡ್ತಾರೆ, ನೆಟ್ಟಗೆ ನಮ್ಮನ್ನೇ ನೋಡುತ್ತಲ್ಲ. ಆಮೇಲೆ ತೋಳ.”

“ಹಂಗಾದ್ರೆ ಕಳ್ಳ ಇವೆರಡನ್ನೇ ಯಾಕೆ ಬಿಟ್ಟ?”

ಆಕೆ ಲಕೋಟೆ ತೆರೆದು ನೋಡಿ ಮೂಗು ಮುರಿದಳು. “ಥೂ, ಮುಖದ ಮೇಲೇ ಹೆಬ್ಬೆರಳು ಒತ್ತಿದಾರೆ. ನಮ್ಮೋರು ಅಂಚು ಹಿಡಿದೇ ಎತ್ತೋದು. ಇದು ಸತ್ತ ನಾಣ್ಯ ಮೇಡಂ. ಸಂಗ್ರಹ ಮಾಡೋರು ಬಿಟ್ಟಿ ಕೊಟ್ರೂ ಮೂಸಲ್ಲ.”

ಬೆಳ್ಳಿ ಕಂಡರೆ ಸಾಕೆನ್ನುವ ಸಾಮಾನ್ಯ ಕಳ್ಳ ಬೆರಳ ಗುರುತು ನೋಡುವುದಿಲ್ಲ. ಇದು ಊರಿನ ನಾಣ್ಯಸಂಗ್ರಾಹಕರ ಸಂಘದವರದೇ ಕೈವಾಡ ಎಂದು ಬೊಗುಮಿಲಾಳಿಗೆ ಖಾತ್ರಿಯಾಯಿತು. ಹಿಪೊಲಿತರ ಮನೆಯ ಇನ್ನೊಂದು ಕೀಲಿ ಇದ್ದದ್ದು ಒಬ್ಬನ ಬಳಿ ಮಾತ್ರ. ವಾರಕ್ಕೊಮ್ಮೆ ಬಂದು ಅವರಿಗೆ ಪತ್ರಗಳನ್ನು ಓದಿ ಹೇಳುತ್ತಿದ್ದ ಸಂಘದ ಕಾರ್ಯದರ್ಶಿ ಕ್ಸಾವೆರಿ ವ್ರೊನಾ.

ಸಂಜೆ ಐದಕ್ಕೆ ಬಾಗಿಲು ತೆರೆದವನ ಕೈಯಲ್ಲಿ ಬಿಳಿ ಹತ್ತಿಯ ಗವಸು. ಒಳಗೆ ಮಖಮಲ್ಲಿನ ಮೇಲೆ ಹಿಪೊಲಿತರ ಪ್ರಾಣಿಗಳು ಸಾಲಾಗಿ ಮಲಗಿದ್ದವು. ಝೆನೊನ್ ಕೈಚಾಚಿದ.

“ಮುಟ್ಟಬೇಡ,” ಎಂದ ಕ್ಸಾವೆರಿ. “ಗವಸು ಹಾಕ್ಕೋ.”

“ಮಾರೋಕೆ ಕದ್ದೆಯಾ?”

“ಮಾರೋದಾ? ಕಾಪಾಡಿದೆ ಮೇಡಂ. ಸಾರು ಕುಡಿದ ಕೈಯಲ್ಲಿ ಗೂಬೆ ಕಣ್ಣು ತಿಕ್ತಿದ್ದ. ನೋಡಿ ನಂಗೆ ವಾಂತಿ ಬಂತು.”

“ಅವರಿಗೆ ಕಣ್ಣು ಹೋಗ್ತಿದೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಕಾಣದೋನಿಗೆ ನಾಣ್ಯ ಯಾಕೆ?”

ಬೊಗುಮಿಲಾ ಕೊಲೆಗಾರರ ಜೊತೆ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿದವಳು. ಇವನ ಮನೆಯಲ್ಲಿ ನೀರು ಕುಡಿಯಲೂ ಅವಳಿಗೆ ಹೇಸಿಗೆಯಾಯಿತು. ಗೆಳೆಯನ ಅಡುಗೆಮನೆಯಲ್ಲಿ ಕೂತು, ಅವನ ರೊಟ್ಟಿ ತಿಂದು, ಅವನ ಬೆರಳು ನೋಡಿ ಅಸಹ್ಯಪಟ್ಟವನು. ದಸ್ತಗಿರಿ ಪತ್ರಕ್ಕೆ ಸಹಿ ಹಾಕುವ ಮುನ್ನ ಅವನದೊಂದು ಷರತ್ತಿತ್ತು.

“ತಪ್ಪೊಪ್ಕೋತೀನಿ. ನಾಣ್ಯಗಳನ್ನ ಮತ್ತೆ ಆ ಮುದುಕನ ಕೈಗೆ ಮಾತ್ರ ಕೊಡ್ಬೇಡಿ.”

“ಸಹಿ ಹಾಕು,” ಎಂದಳು ಬೊಗುಮಿಲಾ.

ಷರತ್ತನ್ನು ಯಾರೂ ಒಪ್ಪಲಿಲ್ಲ, ಆದರೆ ಕಾನೂನು ಅದನ್ನು ತಾನಾಗಿಯೇ ನಡೆಸಿಕೊಟ್ಟಿತು. ಮುದ್ದೆಮಾಲಾದ ನಾಣ್ಯಗಳು ತೀರ್ಪಿನವರೆಗೆ ಕೋರ್ಟಿನಲ್ಲೇ ಇರಬೇಕೆಂದರು ಸರ್ಕಾರಿ ವಕೀಲರು. ಬೊಗುಮಿಲಾ ಮೂರು ಸಲ ಅರ್ಜಿ ಹಾಕಿದಳು, ಒಮ್ಮೆ ಜಗಳವನ್ನೂ ಆಡಿದಳು. ನಾಣ್ಯಗಳ ಬಿಡುಗಡೆಯ ಆದೇಶ ಕೈಗೆ ಬಂದಾಗ ಕ್ರಿಸ್‌ಮಸ್ ಕಳೆದು ಫೆಬ್ರವರಿ.

ಪೆಟ್ಟಿಗೆಯನ್ನು ಅವಳೇ ಒಯ್ದಳು. ಹಿಪೊಲಿತ್ ಒಂದು ನಾಣ್ಯ ಎತ್ತಿ ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. ಕಣ್ಣು ಕಿಟಕಿಯ ಕಡೆಗಿತ್ತು.

“ಇದ್ಯಾವ್ದು ಮೇಡಂ?”

“ಕೊಕ್ಕರೆ.”

“ಕೊಕ್ಕು ಎಲ್ಲಿದೆ?”

ಅವಳು ಅವರ ಬೆರಳು ಹಿಡಿದು ಕೊಕ್ಕಿನ ಮೇಲಿಟ್ಟಳು. ಅವರು ಮತ್ತೆ ಸವರಿದರು.

“ನಂಗ್ಯಾಕೋ ಗೀರು ಅನ್ನಿಸ್ತಿದೆ,” ಎಂದರು.