ಕೈ ಕೊಡು

"ಇದರ ಮುಂದೆ ಏನು ಬೇಕಾದ್ರೂ ಬೈಕೋ ಮಗಾ. 'ಕೈ ಕೊಡು' ಅಂತ ಮಾತ್ರ ಅನ್ಬೇಡ."

ಹೊಟ್ಟು ಗುಡಿಸುವ ಅಜ್ಜಿ ಹಾಗೆಂದಾಗ ಹೊಸ ಆಪರೇಟರ್‌ಗೆ ನಗು ತಡೆಯಲಾಗಲಿಲ್ಲ. ಅವನೂ ಅವನ ಹೆಂಡತಿಯೂ ಈ ಒಕ್ಕಣೆ ಯಂತ್ರದ ಕೆಲಸಕ್ಕೆ ಬಂದದ್ದೇ ಆ ಬೆಳಿಗ್ಗೆ.

"ಯಾಕಜ್ಜಿ, ಇದಕ್ಕೆ ಕಿವಿ ಇದೆಯಾ?"

"ಬಾಯಿ ಇದೆ."

ಅಜ್ಜಿ ಪೊರಕೆ ನಿಲ್ಲಿಸಿ ಪಿಸುದನಿಯಲ್ಲಿ ಹೇಳಿದಳು. ಅವಳ ಮಗಳ ಬಲಗೈ ಇದೇ ಡ್ರಮ್ಮಿನೊಳಗೆ ಹೋಗಿತ್ತು. ಮಗಳು ಉಳಿಯಲಿಲ್ಲ. ನೆಲದ ಮೇಲಿನ ರಕ್ತ ಆರುವ ಮೊದಲೇ ಮಾಲೀಕ, "ಸುಗ್ಗಿ ಮಧ್ಯೆ ಕೈ ಕೊಟ್ಟುಬಿಟ್ಲಲ್ಲಪ್ಪಾ" ಎಂದು ಗೊಣಗಿದ್ದ. ಆ ಮಾತು ತಾಯಿಯ ಕರುಳಿಗೆ ನಾಟಿತು. ಮಾಟಗಾರನೊಬ್ಬನ ಕಾಲು ಹಿಡಿದಳು. ಮಗಳ ರಕ್ತ ಹೀರಿದ್ದ ತೋಳಿನ ಬಟ್ಟೆಯನ್ನು ಮಂತ್ರಿಸಿ ಡ್ರಮ್ಮಿನ ಅಚ್ಚಿಗೆ ಕಟ್ಟಿದಳು, ಇಲ್ಲಿ ಆ ಮಾತು ಆಡಿದವರಿಗೆಲ್ಲ ಅದು ನಿಜವಾಗಲಿ ಎಂದು.

"ಮಾಲೀಕನಿಗೆ ಮಾಡ್ಸಿದ್ದು. ಅವನೋ, ಧೂಳು ಅಂತ ರಸ್ತೇಲೇ ನಿಂತು ಹಾರ್ನ್ ಹೊಡೀತಾನೆ. ಕೆಲಸಕ್ಕೆ ಬಂದೋರ ಕೈಯೇ ಹೋಗ್ತಿದೆ. ಕಟ್ಟೋದು ಗೊತ್ತಿತ್ತು ಮಗಾ. ಬಿಚ್ಚೋದು ಗೊತ್ತಿಲ್ಲ."

"ಬಾಯಿಗೆ ಒಂದು ಜಾಲರಿ ಹಾಕ್ಸಿಲ್ಲ. ಕೈ ಹೋಗೋಕೆ ಮಾಟ ಬೇರೆ ಬೇಕಾ?" ಅವನು ನಕ್ಕ.

"ರೀ, ವಯಸ್ಸಾದೋರ ಮುಂದೆ ಹಲ್ಲು ಬಿಡ್ಬೇಡಿ," ಎಂದಳು ಹೆಂಡತಿ.

"ಹಲ್ಲಿರೋದೇ ಬಿಡೋಕೆ ಕಣೇ."

ಮಧ್ಯಾಹ್ನದ ಹೊತ್ತಿಗೆ ಡ್ರಮ್ಮು ಕಟ್ಟಿಕೊಂಡಿತು. ಬೆಲ್ಟು ಕಮಟು ವಾಸನೆ ಬಿಟ್ಟು ಜಾರಿ ಬಿತ್ತು. ಅವನು ಇಂಜಿನ್ ಆರಿಸಿ ಕೀಲಿಯನ್ನು ಜೇಬಿಗಿಳಿಸಿದ. ಗದ್ದಲ ಹಠಾತ್ತನೆ ನಿಂತು ಕಿವಿಯೊಳಗೆ ಬರೀ ಗುಂಯ್ ಎನ್ನುವ ಸದ್ದು. ಯಂತ್ರದ ಬಾಯೊಳಗೆ ಆ ಸುಡುಬಿಸಿಲಿಗೂ ಹೆದರದ ಕತ್ತಲು. ಸಿಕ್ಕಿಕೊಂಡ ಹುಲ್ಲು ಎಳೆಯಲು ಇನ್ನೊಬ್ಬರು ಬೇಕಿತ್ತು. ಅವನು ಅಜ್ಜಿಯತ್ತ ಕಣ್ಣು ಮಿಟುಕಿಸಿ, ಬೇಕೆಂದೇ ದನಿ ಏರಿಸಿ ಕೂಗಿದ.

"ಬಾರೇ ಇತ್ತ, ಒಂಚೂರು ಕೈ ಕೊಡು!"

ಪೊರಕೆಯ ಸದ್ದು ನಿಂತಿತು.

ಹೆಂಡತಿ ನಗುತ್ತಲೇ ಬಂದು ಹುಲ್ಲಿಗೆ ಕೈ ಹಾಕಿದಳು. ಡ್ರಮ್ಮು ತಿರುಗಿತು.

ಇಂಜಿನ್ ಇಲ್ಲ. ಬೆಲ್ಟು ಇಲ್ಲ. ಕೀಲಿ ಜೇಬಿನಲ್ಲೇ ಇದೆ. ಆದರೂ ತಿರುಗಿತು. ನಿಧಾನವಾಗಿ, ಜಗಿಯುವಂತೆ. ಅವಳ ರವಿಕೆಯ ತೋಳು ಸಿಕ್ಕಿತು.

"ರೀ... ಎಳೀತಿದೆ... ರೀ!"

ಸೊಂಟ ಹಿಡಿದು ಜಗ್ಗಿದ. ಬಿಡಲಿಲ್ಲ. ರವಿಕೆಯ ತೋಳು ಕೊಯ್ಯಲು ಕುಡುಗೋಲು ಹಾಕಿದ. ಆ ಸವೆದ ರವಿಕೆ ಬಟ್ಟೆ ಕುಡುಗೋಲನ್ನೇ ಮುರಿಯಿತು. ಒಳಗಿನಿಂದ ಕೂದಲು ಸುಟ್ಟ ನಾತ, ಹಳಸಿದ ರಕ್ತದ ನಾತ.

"ಅಜ್ಜೀ, ನಿಲ್ಸು! ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸು!"

ಅಜ್ಜಿ ಅಳುತ್ತಿದ್ದಳು. "ಕಟ್ಟಿದೋಳು ನಾನು, ನನ್ನ ಕೈನ ಅದು ಮುಟ್ಟಲ್ಲ ಮಗಾ. ನೀನು ಅವಳ ಕೈ ಕೇಳ್ದೆ, ಅದಕ್ಕೆ ಅವಳದು ಹಿಡೀತು. ನಿನ್ನದು ಕೊಟ್ರೆ ಬಿಡುತ್ತೆ."

ಹೆಂಡತಿಯ ಬೆರಳ ತುದಿ ಕಬ್ಬಿಣದ ಹಲ್ಲಿಗೆ ತಾಗಿತು. ಅವಳು ಚೀರಿದಳು.

"ತಗೋ!" ಅವನು ಅರಚಿದ. "ನಾನು ಕೈ ಕೊಡ್ತೀನಿ. ನಂದು ತಗೋ!"

ಬಲಗೈ ಒಳಗಿಟ್ಟ. ಲಟಕ್ಕೆಂದಿತು. ಕಣ್ಣ ಮುಂದೆಲ್ಲ ಬೆಳ್ಳಗಾಯಿತು. ಯಂತ್ರ ಅವಳ ತೋಳನ್ನು ಇಡಿಯಾಗಿಯೇ ಹೊರಗೆ ಉಗುಳಿತು.

ಯಾರೋ ಗಾಡಿ ತರಲು ಓಡಿದರು. ಹೆಂಡತಿ ಅವನ ಮಣಿಕಟ್ಟಿನ ಮೇಲೆ, ಅಂದರೆ ಮಣಿಕಟ್ಟು ಇದ್ದ ಜಾಗದ ಮೇಲೆ, ಬಟ್ಟೆ ಒತ್ತಿ ಹಿಡಿದು ಕೂತಿದ್ದಳು. ಆಗ ಮಾಲೀಕ ಬಂದ. ಧೂಳನ್ನೂ ಲೆಕ್ಕಿಸದೆ ಯಂತ್ರದ ಹತ್ತಿರಕ್ಕೇ ಬಂದ. ಬಿದ್ದವನ ಕಡೆ ನೋಡಲಿಲ್ಲ. ಬಗ್ಗಿ, ಯಂತ್ರದ ಬಾಯೊಳಗೆ ಕೈ ಹಾಕಿ ಹಲ್ಲುಗಳನ್ನು ಒಂದೊಂದಾಗಿ ಸವರಿದ.

"ಸದ್ಯ, ಹಲ್ಲು ಮುರಿದಿಲ್ಲ," ಎಂದ. ಆಮೇಲೆ ಕೈ ಹೊರಗೆ ತೆಗೆಯದೆಯೇ ತಲೆಯಾಡಿಸಿದ. "ಆದ್ರೂ ನೋಡಿ, ಸುಗ್ಗಿ ಮಧ್ಯೆ ಇವನೂ ಕೈ ಕೊಟ್ನಲ್ಲಪ್ಪಾ."

ಹೆಂಡತಿ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಬಂದವರಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದ ಅಜ್ಜಿ ಈ ಸಲ ಬಾಯಿ ಬಿಡಲಿಲ್ಲ. ಪೊರಕೆ ಎತ್ತಿಕೊಂಡು ಹೊಟ್ಟು ಗುಡಿಸತೊಡಗಿದಳು.

ಅವಳ ಬೆನ್ನ ಹಿಂದೆ ಡ್ರಮ್ಮು ಕಿರ್ರೆಂದಿತು.