ದೀಪಾವಳಿಗೆ ಮುಂದಕ್ಕೆ ಹೋದ ಮದುವೆ

"ಈಗ ಬಂದವರು ಏಳ್ರಿ. ನೀವೇ ಒಂದು ವಾಕ್ಯ ಹೇಳ್ರಿ."

ಬೆಂಚಿನ ಮೇಲೆ ಉಮಾದೇವಿ ಇನ್ನೂ ಸರಿಯಾಗಿ ಕುಳಿತೂ ಇರಲಿಲ್ಲ.

ಅದು ತೊಂಬತ್ತೆಂಟರ ಶ್ರಾವಣ. ವಾಡಿ ಜಂಕ್ಷನ್ನಿನ ಸ್ಟೇಷನ್ ರಸ್ತೆಯಲ್ಲಿ, ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಟಿ.ಸಿ.ಎಚ್. ಶಿಕ್ಷಕ ತರಬೇತಿ ಮುಗಿಸಿ, ಇಂಗ್ಲಿಷ್ ಶಾಲೆಯಲ್ಲಿ ಕೆಲಸ ಹಿಡಿಯುವ ಆಸೆಯಿಂದ ಸೇರಿದ ಅವಳಿಗೆ ಅದು ಮೊದಲ ದಿನ. ಉಳಿದವರೆಲ್ಲ ಹಳಬರು.

ಬೋರ್ಡಿನ ಮೇಲೆ ದೊಡ್ಡದಾಗಿ 'ಪುಟ್ ಆಫ್' ಅಂತ ಬರೆದಿತ್ತು. ಮುಂದೆ ಶಾಂತಕುಮಾರ ಸರ್. ಹಣೆಯಲ್ಲಿ ವಿಭೂತಿ, ಅಂಗಿಯ ತೋಳಿಗೆಲ್ಲ ಚಾಕ್‌ಪೀಸಿನ ಪುಡಿ. ಮತ್ತೆ ಆ ಕಣ್ಣು... ನೇರ ಅವಳ ಮೇಲೆ.

'ಅಯ್ಯೋ ಶಿವನೇ, ಸರ್ ಇಷ್ಟು ಸಣ್ಣ ವಯಸ್ಸಿನವರಂತ ಯಾರೂ ಹೇಳ್ಲೇ ಇಲ್ಲಲ್ಲ...'

ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಗೈಡಿನಲ್ಲಿ ಬಾಯಿಪಾಠ ಮಾಡಿದ್ದ ಸಾಲೊಂದು ಪುಣ್ಯಕ್ಕೆ ನೆನಪಾಯಿತು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು.

"ಮೈ ಮ್ಯಾರೇಜ್ ವಾಜ್ ಪುಟ್ ಆಫ್ ಟಿಲ್ ದೀಪಾವಳಿ."

ನನ್ನ ಮದುವೆ ದೀಪಾವಳಿಗೆ ಮುಂದಕ್ಕೆ ಹೋಯಿತು!

ಎಲ್ಲರ ತಲೆಯೂ ಅವಳ ಕಡೆ ತಿರುಗಿತು.

ಆ ಕ್ಲಾಸಿಗೊಂದು ಕಟ್ಟಳೆ ಇತ್ತು. ಪುಸ್ತಕದ ವಾಕ್ಯ ಹೇಳುವಂತಿಲ್ಲ. ತಮ್ಮ ಮನೆಯಲ್ಲಿ, ತಮ್ಮ ಬದುಕಿನಲ್ಲಿ ನಡೆದ ನಿಜವನ್ನೇ ಹೇಳಬೇಕು. ಅಂದರೇನೇ ಇಂಗ್ಲಿಷು ನಾಲಿಗೆಗೆ ಹತ್ತುತ್ತದೆ ಎಂಬುದು ಸರ್ ನಂಬಿಕೆ. ತಡವಾಗಿ ಸೇರಿದ ಉಮಾದೇವಿಗೆ ಅಂದು ಇದನ್ನು ಹೇಳಿದವರಿಲ್ಲ; ಮುಂದೆ ತಿಳಿಯುವ ಹೊತ್ತಿಗೆ ತಾನು ಹೇಳಿದ್ದ ವಾಕ್ಯವೇ ಅವಳಿಗೆ ಮರೆತಿತ್ತು. ಇನ್ನು, ಮುಂದಕ್ಕೆ ಹೋದ ಮದುವೆಯ ಕಾರಣ ಕೇಳುವುದು ನಮ್ಮ ಕಡೆ ಒಳ್ಳೆಯವರ ಲಕ್ಷಣವಲ್ಲ. ಸೂತಕವೋ, ಮನಸ್ತಾಪವೋ, ಯಾರ ಮನೆಯ ನೋವು ಏನಿರುತ್ತದೋ! ಹಾಗಾಗಿ ಯಾರೂ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿದ್ದ ಬಳೆ ಅಂಗಡಿಯ ಸರ್ವರಬೇಗಂ ಆಪಾ ಮಾತ್ರ ಅವಳ ಬೆನ್ನು ಸವರಿದರು.

'ಅಷ್ಟು ಕೆಟ್ಟದಾಗಿ ಹೇಳಿದೆನೇನು?' ಎಂದುಕೊಂಡಳು ಉಮಾದೇವಿ.

ಸರ್ ಗಂಟಲು ಸರಿಮಾಡಿಕೊಂಡು ಪಾಠಕ್ಕೆ ಮರಳಿದರು. ಇವತ್ತಿನದನ್ನು ನಾಳೆಗೆ ನೂಕಿದರೆ ಪುಟ್ ಆಫ್. ಲೈಟು, ಫ್ಯಾನು ಆರಿಸುವುದಕ್ಕೂ ನಮ್ಮ ಜನ ಅದನ್ನೇ ಅನ್ನುತ್ತಾರೆ. ಒಬ್ಬರ ನಡತೆ ಕಂಡು ಮನಸ್ಸು ಹಿಂದೆ ಸರಿದರೆ ಅದೂ ಪುಟ್ ಆಫ್. ರೈಲ್ವೆಯ ಬುಕಿಂಗ್ ಕ್ಲರ್ಕ್ ನಾಗೇಂದ್ರಪ್ಪನವರು ತಾವು ಕಟಿಂಗ್ ಮಾಡಿಸುವುದನ್ನು ಪುಟ್ ಆಫ್ ಮಾಡುತ್ತಲೇ ಬಂದಿರುವುದಾಗಿ ಒಪ್ಪಿಕೊಂಡರು. ಗಂಡ ಬೆಳಗಾಗುತ್ತಲೇ ಫ್ಯಾನು ಪುಟ್ ಆಫ್ ಮಾಡಿ ತಮ್ಮ ನಿದ್ದೆ ಕೆಡಿಸುತ್ತಾನೆಂದು ಆಪಾ ದೂರಿದರು. ಎಲ್ಲರೂ ನಕ್ಕರು. ಸರ್ ಮಾತ್ರ ನಗಲಿಲ್ಲ.

ಅಂದಿನಿಂದ ಅದೇ ಆಯಿತು. ಎಲ್ಲರ ಜೊತೆ ಹರಟುವ ಸರ್, ಉಮಾದೇವಿ ಹತ್ತಿರ ಬಂದರೆ ಬೀಳದ ಚಾಕ್‌ಪೀಸ್ ಹುಡುಕಲು ಬಗ್ಗುತ್ತಿದ್ದರು! ಅವಳ ವಾಕ್ಯ ಸರಿಯಾದರೆ ಅವರ ಮುಖ ಅರಳುತ್ತಿತ್ತು, ಮರುಗಳಿಗೆ ಕಿಟಕಿಯ ಕಡೆ ತಿರುಗುತ್ತಿತ್ತು. ಅವಳೋ, ಅರಳಿದ ಆ ಒಂದು ಗಳಿಗೆಗಾಗಿ ದಿನವೂ ಮೆಟ್ಟಿಲು ಹತ್ತುತ್ತಿದ್ದಳು.

'ನನ್ನ ನೋಡಿ ಅವರ ಮನಸ್ಸು ಪುಟ್ ಆಫ್ ಆಗ್ಯದ... ನಾ ಏನು ತಪ್ಪು ಮಾಡೀನಿ?'

ದೀಪಾವಳಿ ಹತ್ತಿರ ಬಂದಾಗ ಸುದ್ದಿಯೂ ಬಂತು. ಸರ್‌ಗೆ ಚಿಂಚೋಳಿಯ ಹೈಸ್ಕೂಲಿನಲ್ಲಿ ನೌಕರಿ ಆಗಿತ್ತು. ಹಬ್ಬದ ಮುಂಚಿನ ದಿನವೇ ಕೊನೆಯ ಕ್ಲಾಸು. ಮನಸ್ಸಿನ ಮಾತು ಇಂದು ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು ಉಮಾದೇವಿ. ಆದರೆ ಅವರನ್ನು ಕಂಡೊಡನೆ ಪುಸ್ತಕ ತೆರೆದು ತಲೆ ಬಗ್ಗಿಸಿ ಕುಳಿತಳು.

ಪಾಠ ಮುಗಿಯುವ ಹೊತ್ತಿಗೆ ಆಪಾ ಎದ್ದರು. ಚೀಲದಿಂದ ಹಸಿರು ಗಾಜಿನ ಬಳೆ ತೆಗೆದು ಅವಳ ಕೈ ಹಿಡಿದುಕೊಂಡರು.

"ಕೈ ಸಡ್ಲ ಬಿಡು ಬೇಟಿ. ನಿನ್ನ ಶಾದಿಗೆ ನನ್ನ ಕೈಯಿಂದ್ಲೇ ಹಸಿರು ಬಳಿ ಇಡಬೇಕಂತ ಎತ್ತಿಟ್ಟಿದ್ದೆ."

"ಯಾರ ಶಾದಿ ಆಪಾ?"

"ಯಾರ್ದಂತ ಕೇಳ್ತದ ಹುಡುಗಿ! ನಿಂದೇ ಅಲ್ಲೇನು? ದೀಪಾವಳಿಗೆ ಮುಂದಕ್ಕ ಹೋಗ್ಯದಂತ ಮೊದಲ್ನೇ ದಿನಾನೇ ಹೇಳಿದ್ದಲ್ಲ."

ಉಮಾದೇವಿ ಕಣ್ಣರಳಿಸಿದಳು. ಅದು ಗೈಡಿನ ವಾಕ್ಯ, ತನಗೆ ವರ ನೋಡುವುದನ್ನೂ ಮನೆಯವರು ಇನ್ನೂ ಶುರು ಮಾಡಿಲ್ಲ ಎಂದು ಹೇಳುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ. ಕೋಣೆಯೆಲ್ಲ ಹೋ ಎಂದು ನಕ್ಕಿತು.

ಸರ್ ಕೈಯಿಂದ ಡಸ್ಟರ್ ಜಾರಿ ಬಿತ್ತು. ಈ ಸಲ ನಿಜವಾಗಿಯೂ.

ಹಾಗಾದರೆ... ಆ ಕಿಟಕಿ, ಆ ಚಾಕ್‌ಪೀಸು, ಆ ಬಿಗುಮಾನ... ಎಲ್ಲ ಇದಕ್ಕೇನಾ? ಉಮಾದೇವಿಯ ನಗು ತಟ್ಟನೆ ನಿಂತಿತು.

ನಾಗೇಂದ್ರಪ್ಪನವರು ಇಬ್ಬರ ಮುಖವನ್ನೂ ನೋಡಿದರು. ಚಹಾ ಕುಡಿಯುವ ನೆಪ ಹೇಳಿ ಎಲ್ಲರನ್ನೂ ಕೆಳಗೆ ಇಳಿಸಿಕೊಂಡು ಹೋದರು.

"ಇಷ್ಟು ದಿನಾ ನನ್ನ ಕಡಿ ನೋಡ್ಲಿಲ್ಲ ಯಾಕ್ರಿ ಸರ್?" ಎಂದು ಕೇಳಿದಳು ಉಮಾದೇವಿ.

"ಇನ್ನೊಬ್ಬರ ಮನಿ ಸೊಸಿ ಆಗೋರು ಅಂತ ತಿಳ್ದಿದ್ದೆ. ನೋಡ್ದಂಗ ಇರೋದು ಭಾಳ ಕಷ್ಟ ಆಯ್ತು, ಉಮಾದೇವಿ."

"ನನ್ನ ಕಂಡ್ರ ನಿಮಗ ಆಗೋದಿಲ್ಲಂತ ತಿಳ್ಕೊಂಡು ಎಷ್ಟು ಅತ್ತೀನಿ ಗೊತ್ತದೇನ್ರಿ? ಆದ್ರೂ ಬರೋದು ಬಿಡ್ಲಿಲ್ಲ. ನಿಮ್ಮ ಸಲುವಾಗೇ ಬರ್ತಿದ್ದೆ. ಇಂಗ್ಲಿಷ್ ಅದರ ಜೋಡಿ ಬಂತು, ಅಷ್ಟೇ."

ಅವರ ಕಣ್ಣು ತುಂಬಿ ಬಂತು, ತುಟಿಯಲ್ಲಿ ನಗೆ. ಹಬ್ಬ ಮುಗಿಯುತ್ತಲೇ ತಮ್ಮ ಅವ್ವನನ್ನು ಕರೆದುಕೊಂಡು ಅವಳ ಮನೆಗೆ ಬರಬಹುದೇ ಎಂದು ಮೆಲ್ಲಗೆ ಕೇಳಿದರು. ಬರ್ರಿ, ಆದರೆ ಅಪ್ಪನ ಮುಂದೆ ಇಂಗ್ಲಿಷ್ ಮಾತ್ರ ಬೇಡ, ಹೆದರಿ ಎದ್ದು ಹೋಗುತ್ತಾನೆ ಎಂದಳು.

ಕಿಟಕಿಯಾಚೆ ಗೂಡ್ಸ್ ರೈಲೊಂದು ಉದ್ದಕ್ಕೆ ಸಾಗಿತು.

"ಚಿಂಚೋಳಿ ಭಾಳ ದೂರ ಅದ. ಊರು ದಾಟಿದ್ರ ಬರೀ ಗುಡ್ಡ, ಅಡವಿ," ಎಂದರು ಸರ್, ಅವಳ ಮುಖವನ್ನೇ ನೋಡುತ್ತ. "ನಿಮಗ ಬ್ಯಾಸರ ಆಗ್ತದೋ ಏನೋ."

"ಹುಟ್ಟಿದಾಗಿಂದ ಬರೀ ರೈಲೇ ನೋಡೀನ್ರಿ. ಅಡವಿ ಹ್ಯಾಂಗಿರ್ತದಂತ ನನಗ ಗೊತ್ತೇ ಇಲ್ಲ."

"ತೋರಸ್ಲೇನು?"

ಉಮಾದೇವಿ ತಲೆ ತಗ್ಗಿಸಲಿಲ್ಲ.

"ಹ್ಞೂಂ," ಎಂದಳು. "ಕರ್ಕೊಂಡು ಹೋಗ್ರಿ."